ಹೆಸರು ಕೇಳದೆ ಕೊಟ್ಟ ಮದ್ದು

ಕಳೆದ ಬೇಸಿಗೆ ರಜೆಯ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಕೂಡ್ಲಿಗಿ ತಾಲ್ಲೂಕಿನ ಹಳ್ಳಿಯವನು. ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ, ಅದರ ತುಂಬ ದೊಡ್ಡಾಸ್ಪತ್ರೆಯ ಕಾಗದಗಳು. ತಿಂಗಳಿಂದ ಬಾಡಿದ್ದ ಮುಖದಲ್ಲಿ ಅಂದು ಸ್ವಲ್ಪ ಗೆಲುವಿತ್ತು.

"ಸಾರ್, ತಂಗಿದು ರಕ್ತದ ರಿಪೋರ್ಟ್ ಬಂತ್ರಿ. ಏನೂ ಬೆಳೆದಿಲ್ಲ ಅಂತ ಬರದಾರ. ಅಂದ್ರ ಏನೂ ಇಲ್ಲ ಅಂತ ಅಲ್ರೀ?"

ಕಾಗದ ತಿರುವಿ ನೋಡಿದೆ. ಐದು ದಿನ ಇಟ್ಟು ನೋಡಿದರೂ ಬ್ಯಾಕ್ಟೀರಿಯ ಬೆಳೆಯಲಿಲ್ಲ ಎಂಬ ಅರ್ಥದ ಒಂದೇ ಸಾಲು. ಅವನಿಗೆ ಅದು ಸಿಹಿಸುದ್ದಿ. ನನ್ನ ಎದೆ ಮಾತ್ರ ಧಸಕ್ಕೆಂದಿತು. ಆ ಒಂದು ಸಾಲಿನಲ್ಲಿ ನನ್ನ ಪಾಲೂ ಇತ್ತು.

ಅವನ ತಂಗಿಗೆ ಚಿಕ್ಕಂದಿನಲ್ಲಿ ಕೀಲುವಾತಜ್ವರ ಬಂದಿತ್ತು. ಗಂಟಲು ನೋವಿನಿಂದ ಶುರುವಾಗಿ, ಮಂಡಿ ಮೊಣಕೈ ಊದಿಸಿ, ಕೊನೆಗೆ ಹೃದಯದ ಕವಾಟವನ್ನು ಕೆಡಿಸಿ ಹೋಗುವ ಕಾಯಿಲೆ ಅದು. ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಸೂಜಿ ಹಾಕಿಸಿಕೊಳ್ಳಬೇಕೆಂದು ಡಾಕ್ಟರು ಹೇಳಿದ್ದರು. ಮದುವೆಯಾಗಿ ಬೇರೆ ಊರಿಗೆ ಹೋದ ಮೇಲೆ ಅದು ನಿಂತುಹೋಯಿತು. ಈಚೆಗೆ ಹಲ್ಲು ಹುಳುಕಾಗಿ ಒಂದನ್ನು ಕೀಳಿಸಿದ್ದಳು. ಕೆಲವು ವಾರ ಕಳೆದ ಮೇಲೆ ಸಂಜೆಯಾದರೆ ಸಣ್ಣ ಜ್ವರ, ಮೈ ಬೆವರು, ಊಟ ಸೇರದು. ಅಣ್ಣ ಫೋನ್ ಮಾಡಿ ಕೇಳಿದಾಗ, ಇಷ್ಟು ವರ್ಷ ವಿಜ್ಞಾನ ಪಾಠ ಹೇಳಿದ ನಾನು ಏನೆಂದೆ ಗೊತ್ತೆ? "ಮೊದಲು ಅಲ್ಲೇ ಎರಡು ಇಂಜೆಕ್ಷನ್ ಹಾಕಿಸಪ್ಪಾ. ಇಳೀಲಿಲ್ಲ ಅಂದ್ರೆ ಬಳ್ಳಾರಿಗೋ ದಾವಣಗೆರೆಗೋ ಹೋಗೋಣ."

ಎರಡಲ್ಲ, ಆರು ಇಂಜೆಕ್ಷನ್ ಆದವು. ಟೈಫಾಯ್ಡ್ ಇರಬಹುದೆಂದು ಒಂದಷ್ಟು ದಿನ ಮಾತ್ರೆಯೂ ಆಯಿತು. ಜ್ವರ ಇಳಿಯಿತು, ಮತ್ತೆ ಏರಿತು. ದೊಡ್ಡಾಸ್ಪತ್ರೆಯಲ್ಲಿ ರಕ್ತ ತೆಗೆಯುವ ಹೊತ್ತಿಗೆ, ಹಿಡಿಯಬೇಕಾಗಿದ್ದ ಕಳ್ಳ ಅರೆಜೀವವಾಗಿ ಮೂಲೆ ಸೇರಿದ್ದ. ಅವನ ಹೆಸರು ಯಾರಿಗೂ ಸಿಗಲಿಲ್ಲ.

ಆ ಹೆಸರನ್ನು ಪತ್ತೆ ಮಾಡುವುದು ಹೇಗೆ, ಅದಕ್ಕೆ ಅಷ್ಟು ಬೆಲೆ ಏಕೆ ಎಂಬುದನ್ನು ಈ ವಾರ ಹೇಳುತ್ತೇನೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ನಾವೆಲ್ಲ ಜ್ವರ ಬಂದರೆ ನಡೆದುಕೊಳ್ಳುವ ರೀತಿ ಹೆಚ್ಚುಕಡಿಮೆ ಒಂದೇ ಆದ್ದರಿಂದ ಇದು ಒಂದು ಮನೆಯ ಕತೆಯಲ್ಲ.

ರಕ್ತದಲ್ಲಿ ಸೋಂಕು ಎಂದರೆ ರಕ್ತದ ತುಂಬ ಕ್ರಿಮಿಗಳು ಮಿಜಿಗುಡುತ್ತಿರುತ್ತವೆ ಎಂದು ಹಲವರ ಕಲ್ಪನೆ. ಹಾಗಿಲ್ಲ. ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು 500 ಕೋಟಿ ಕೆಂಪು ಕಣಗಳಿರುತ್ತವೆ. ಸೋಂಕು ತಗುಲಿದ ದೊಡ್ಡವರಲ್ಲಿ ಅದೇ ಒಂದು ಮಿಲಿಲೀಟರಿಗೆ ಸಿಗುವ ಬ್ಯಾಕ್ಟೀರಿಯ ಅನೇಕ ಸಲ ಒಂದೋ ಎರಡೋ. ಕೊಟ್ಟೂರಿನ ತೇರಿನ ದಿನ ಆ ಜನಸಾಗರದಲ್ಲಿ ಒಬ್ಬ ಜೇಬುಗಳ್ಳನನ್ನು ಹುಡುಕುವುದು ಇದಕ್ಕಿಂತ ಎಷ್ಟೋ ಸುಲಭ. ಹನಿ ರಕ್ತವನ್ನು ಸೂಕ್ಷ್ಮದರ್ಶಕದ ಅಡಿ ಇಟ್ಟರೆ ಏನೂ ಕಾಣದು. ಹಾಗಾಗಿ ಕ್ರಿಮಿಯನ್ನು ಬೆಳೆಸಿಯೇ ನೋಡಬೇಕು. ಇದಕ್ಕೆ ಬ್ಲಡ್ ಕಲ್ಚರ್ ಎನ್ನುತ್ತಾರೆ. ರಕ್ತದ ಕೃಷಿ ಎಂದರೂ ತಪ್ಪಿಲ್ಲ.

ಕೃಷಿ ಎಂದ ಮೇಲೆ ಬೀಜ ಸಾಕಷ್ಟಿರಬೇಕು. ದೊಡ್ಡವರಾದರೆ ಒಂದು ಬಾಟಲಿಗೆ 8ರಿಂದ 10 ಮಿಲಿಲೀಟರ್ ರಕ್ತ ಬೇಕು. "ಇಷ್ಟೊಂದು ರಕ್ತ ಯಾಕ್ರೀ ತೆಗೀತೀರಿ?" ಎಂದು ನಮ್ಮ ಜನ ಜಗಳಕ್ಕೆ ನಿಲ್ಲುವುದುಂಟು. ಕಡಿಮೆ ತೆಗೆದಷ್ಟೂ ಕ್ರಿಮಿ ತಪ್ಪಿಸಿಕೊಳ್ಳುವ ಸಾಧ್ಯತೆ ಹೆಚ್ಚು ಎಂಬುದು ಅದಕ್ಕೆ ಉತ್ತರ. ಇನ್ನೊಂದು ಕೈಯಿಂದಲೂ ಬೇರೆಯಾಗಿ ರಕ್ತ ತೆಗೆಯುತ್ತಾರೆ. ನಮ್ಮ ಚರ್ಮದ ಮೇಲೆ ಸದಾ ವಾಸಿಸುವ ನಿರುಪದ್ರವಿ ಬ್ಯಾಕ್ಟೀರಿಯಗಳು ಸೂಜಿಯ ಜೊತೆ ಒಳಸೇರಿ ದಾರಿ ತಪ್ಪಿಸಬಹುದು. ಎರಡೂ ಕೈಗಳ ರಕ್ತದಲ್ಲಿ ಒಂದೇ ಕ್ರಿಮಿ ಬೆಳೆದರೆ ಅದು ನಿಜವಾದ ಅಪರಾಧಿ ಎಂದು ನಂಬಬಹುದು. ಒಂದೇ ಬಾಟಲಿಯಲ್ಲಿ ಕಂಡರೆ ಅನುಮಾನಿಸಬೇಕು. ಕೋರ್ಟಿನಲ್ಲಿ ಇಬ್ಬರು ಸಾಕ್ಷಿ ಕೇಳಿದ ಹಾಗೆ.

ಬಾಟಲಿಯಲ್ಲಿ ಕ್ರಿಮಿಗೆ ಇಷ್ಟವಾದ ಸಾರು ಇರುತ್ತದೆ. ಅದನ್ನು ನಮ್ಮ ಮೈಯಷ್ಟೇ ಬೆಚ್ಚಗೆ, 35ರಿಂದ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡುತ್ತಾರೆ. ಅರ್ಧ ಗಂಟೆಗೊಮ್ಮೆ ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ ಎಂದುಕೊಳ್ಳಿ. ಹತ್ತನೇ ತರಗತಿಯ ಗುಣೋತ್ತರ ಶ್ರೇಢಿ ನೆನಪಿದ್ದವರು ಲೆಕ್ಕ ಹಾಕಬಹುದು: ಹತ್ತು ಗಂಟೆಯಲ್ಲಿ ಒಂದು ಕ್ರಿಮಿ ಹತ್ತು ಲಕ್ಷ ದಾಟುತ್ತದೆ. ಈಗಿನ ಯಂತ್ರಗಳು ಕ್ರಿಮಿ ಉಸಿರಾಡಿ ಬಿಟ್ಟ ಇಂಗಾಲದ ಡೈಆಕ್ಸೈಡನ್ನು ಬಾಟಲಿಯ ತಳದಲ್ಲೇ ಗುರುತಿಸಿ ಗಂಟೆ ಬಾರಿಸುತ್ತವೆ. ಹೆಚ್ಚಿನವು ಒಂದೆರಡು ದಿನದಲ್ಲೇ ಸಿಕ್ಕಿಬೀಳುತ್ತವೆ. ಆದರೂ ಐದು ದಿನ ಕಾಯುವುದು ವಾಡಿಕೆ.

ಗಂಟೆ ಬಾರಿಸಿದ ಬಾಟಲಿಯಿಂದ ಒಂದು ಹನಿ ತೆಗೆದು ಗಾಜಿನ ಮೇಲೆ ಹರಡಿ ಬಣ್ಣ ಹಾಕುತ್ತಾರೆ. ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಗ್ರಾಂ 1884ರಲ್ಲಿ ಪ್ರಕಟಿಸಿದ ವಿಧಾನವನ್ನೇ ಇಂದಿಗೂ ಬಳಸುತ್ತಾರೆ. ನೇರಳೆ ಬಣ್ಣ, ಅಯೋಡಿನ್, ಸ್ಪಿರಿಟ್ಟಿನ ತೊಳೆತ, ಕೊನೆಗೆ ಕೆಂಪು. ಕೆಲವು ಬ್ಯಾಕ್ಟೀರಿಯ ನೇರಳೆಯನ್ನು ಬಿಟ್ಟುಕೊಡವು, ಕೆಲವು ಬಿಟ್ಟು ಕೆಂಪಾಗುತ್ತವೆ. ನೇರಳೆ ಬಣ್ಣದ ದುಂಡು ಕಣಗಳು ದ್ರಾಕ್ಷಿ ಗೊಂಚಲಿನಂತೆ ಕಂಡರೆ ಸ್ಟೆಫಿಲೊಕಾಕಸ್. ಹೂವಿನಹಡಗಲಿಯ ಮಲ್ಲಿಗೆ ಮೊಗ್ಗಿನ ಮಾಲೆಯಂತೆ ಸಾಲಾಗಿ ಕಂಡರೆ ಸ್ಟ್ರೆಪ್ಟೊಕಾಕಸ್, ಅಂದರೆ ಸರಪಳಿ ಕ್ರಿಮಿ.

ಈ ಸರಪಳಿಗೆ ಒಂದು ಕಪ್ಪುಹಲಗೆಯ ಕತೆಯಿದೆ. 1879ರಲ್ಲಿ ಪ್ಯಾರಿಸ್ಸಿನ ವೈದ್ಯರ ಸಭೆಯಲ್ಲಿ ಬಾಣಂತಿ ಸನ್ನಿಯ ಕಾರಣದ ಬಗ್ಗೆ ಚರ್ಚೆ ನಡೆದಿತ್ತು. ಹೆರಿಗೆಯಾದ ಹೆಂಗಸರನ್ನು ಆ ಕಾಲದ ಆಸ್ಪತ್ರೆಗಳಲ್ಲಿ ಸಾಲುಸಾಲಾಗಿ ಕೊಲ್ಲುತ್ತಿದ್ದ ಜ್ವರ ಅದು. ಭಾಷಣಕಾರರ ಮಾತನ್ನು ಅರ್ಧಕ್ಕೇ ತಡೆದ ಲೂಯಿ ಪಾಶ್ಚರ್ ಎದ್ದುಹೋಗಿ ಹಲಗೆಯ ಮೇಲೆ ಮಣಿಮಾಲೆಯಂಥ ಚಿತ್ರ ಬರೆದು, ಕೊಲೆಗಾರ ಇವನೇ ಎಂದು ತೋರಿಸಿದ. ವೈದ್ಯ ಪದವಿ ಇಲ್ಲದ ರಸಾಯನಶಾಸ್ತ್ರಜ್ಞ ಪಾಶ್ಚರ್. ಸೀಮೆಸುಣ್ಣ ಹಿಡಿಯುವ ನನ್ನಂಥವರಿಗೆ ಈ ಪ್ರಸಂಗ ಅಚ್ಚುಮೆಚ್ಚು.

ಗೊಂಚಲೋ ಸರಪಳಿಯೋ ಎಂದು ಕಣ್ಣಿಗೆ ಅನುಮಾನವಾದರೆ ಇನ್ನೊಂದು ಪರೀಕ್ಷೆ. ಇದು ನಮ್ಮ ಶಾಲೆಯಲ್ಲೂ ಮಾಡುವಂಥದ್ದು. ಹಸಿ ಆಲೂಗಡ್ಡೆಯ ಚೂರಿನ ಮೇಲೆ ಹೈಡ್ರೋಜನ್ ಪೆರಾಕ್ಸೈಡ್ ಹಾಕಿದರೆ ಬುಸ್ಸೆಂದು ನೊರೆ ಬರುತ್ತದೆ. ಆಲೂಗಡ್ಡೆಯಲ್ಲಿರುವ ಕೆಟಲೇಸ್ ಎಂಬ ಕಿಣ್ವ ಅದನ್ನು ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತದೆ. ಸ್ಟೆಫಿಲೊಕಾಕಸ್ ಬಳಿ ಈ ಕಿಣ್ವ ಇದೆ, ನೊರೆ ಬರುತ್ತದೆ. ಸ್ಟ್ರೆಪ್ಟೊಕಾಕಸ್ ಬಳಿ ಇಲ್ಲ, ನೊರೆ ಬಾರದು. ಆದರೆ ರಕ್ತದ ಕೆಂಪು ಕಣದಲ್ಲೂ ಇದೇ ಕಿಣ್ವವಿದೆ. ಗಾಯಕ್ಕೆ ಪೆರಾಕ್ಸೈಡ್ ಹಾಕಿದಾಗ ಬರುವ ನೊರೆ ಅದರದೇ. ರಕ್ತ ಬೆರೆಸಿದ ತಟ್ಟೆಯಿಂದ ಕ್ರಿಮಿಯನ್ನು ತೆಗೆಯುವಾಗ ಒಂದಿಷ್ಟು ರಕ್ತ ಅಂಟಿಕೊಂಡರೂ ಸುಳ್ಳು ನೊರೆ ಬಂದು ಫಲಿತಾಂಶ ತಿರುವುಮುರುವಾಗುತ್ತದೆ. ಪ್ರಯೋಗಶಾಲೆಯ ತಂತ್ರಜ್ಞರ ಕೈ ಎಷ್ಟು ಹಗುರವಾಗಿರಬೇಕು ನೋಡಿ.

ರಕ್ತ ಬೆರೆಸಿದ ತಟ್ಟೆ ಎಂದೆನಲ್ಲ, ಅದು ಈ ಪತ್ತೇದಾರಿಯ ಮುಖ್ಯ ಹೊಲ. ಕಡಲಪಾಚಿಯಿಂದ ತೆಗೆದ ಅಗರ್ ಎಂಬ ಅಂಟನ್ನು ಕುದಿಸಿ, ಕೈಗೆ ತಾಳುವಷ್ಟು ಆರಿದ ಮೇಲೆ ನೂರಕ್ಕೆ ಐದರಷ್ಟು ರಕ್ತ ಬೆರೆಸಿ ತಟ್ಟೆಗೆ ಹುಯ್ದರೆ ಕೆಂಪು ಹಲ್ವದಂತೆ ಹೆಪ್ಪುಗಟ್ಟುತ್ತದೆ. ಯಾವ ರಕ್ತ? ಕುರಿಯದು. ಕುರಿಯ ರಕ್ತದಲ್ಲಿ ಫಲಿತಾಂಶ ಸ್ಪಷ್ಟವಾಗಿ ಕಾಣುತ್ತದೆ. ಅದು ಸಿಗದ ಕಡೆ ಬ್ಲಡ್ ಬ್ಯಾಂಕಿನ ಅವಧಿ ಮೀರಿದ ಮನುಷ್ಯರ ರಕ್ತ ಬಳಸುವುದುಂಟು. ಆದರೆ ಅದರಲ್ಲಿ ರೋಗನಿರೋಧಕ ಅಂಶಗಳೋ ಔಷಧಿಯ ಉಳಿಕೆಯೋ ಇದ್ದು ಮೋಸ ಮಾಡಬಹುದು. ಬಳ್ಳಾರಿ ತಳಿಯೆಂದೇ ಹೆಸರಾದ ಕುರಿಗಳ ಸೀಮೆ ನಮ್ಮದು. ಹಟ್ಟಿಯ ಕುರಿಗೂ ಆಸ್ಪತ್ರೆಯ ಲ್ಯಾಬಿಗೂ ಇಂಥ ನಂಟಿದೆಯೆಂದು ನಮ್ಮ ಕುರಿಗಾಹಿಗಳಿಗೆ ಯಾರೂ ಹೇಳಿದಂತಿಲ್ಲ.

ಈ ತಟ್ಟೆಯ ಮೇಲೆ ಸರಪಳಿ ಕ್ರಿಮಿ ಒಂದು ರಾತ್ರಿ ಕಳೆದರೆ ತನ್ನ ಗುಣ ತೋರಿಸುತ್ತದೆ. ಕೆಲವು ಸುತ್ತಲಿನ ಕೆಂಪು ಕಣಗಳನ್ನು ಪೂರ್ತಿ ಒಡೆದು ಗಾಜಿನಂತೆ ತಿಳಿಯಾದ ಬಳೆ ಮಾಡುತ್ತವೆ. ಇದು ಬೀಟಾ. ಕೆಲವು ಹಸಿರು ಛಾಯೆಯ ಬಳೆ ಮಾಡುತ್ತವೆ. ಇದು ಆಲ್ಫಾ. ಏನೂ ಮಾಡದವು ಗಾಮಾ. ಅಮೆರಿಕದ ಜೆ. ಎಚ್. ಬ್ರೌನ್ 1919ರಲ್ಲಿ ಇಟ್ಟ ಹೆಸರುಗಳಿವು.

ಬೀಟಾ ಗುಂಪಿನಲ್ಲೇ ಹಲವು ಜಾತಿ. ಅವುಗಳನ್ನು ಬೇರ್ಪಡಿಸಿದವರು ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯ ರೆಬೆಕಾ ಲ್ಯಾನ್ಸ್‌ಫೀಲ್ಡ್. ಕ್ರಿಮಿಯ ಗೋಡೆಯಲ್ಲಿರುವ ಸಕ್ಕರೆ ಜಾತಿಯ ವಸ್ತುವನ್ನು ನೋಡಿ ಎ, ಬಿ, ಸಿ ಎಂದು ಗುಂಪು ಮಾಡಬಹುದೆಂದು ಆಕೆ 1933ರಲ್ಲಿ ತೋರಿಸಿದರು. ಇಂದು ಅದೇ ಪರೀಕ್ಷೆ ಒಂದು ಹನಿಯಲ್ಲಿ ಮುಗಿಯುತ್ತದೆ. ಸರಿಯಾದ ಗುಂಪಾದರೆ ಹಾಲಿಗೆ ಹುಳಿ ಹಿಂಡಿದಂತೆ ಹನಿ ಒಡೆದು ಕಾಳುಕಾಳಾಗುತ್ತದೆ. ಇಷ್ಟೂ ಇಲ್ಲದ ಕಡೆ ಬ್ಯಾಸಿಟ್ರಾಸಿನ್ ಔಷಧಿಯ ಸಣ್ಣ ಬಿಲ್ಲೆಯನ್ನು ತಟ್ಟೆಯ ಮೇಲಿಡುತ್ತಾರೆ. ಬಿಲ್ಲೆಯ ಸುತ್ತ ಕ್ರಿಮಿ ಬೆಳೆಯದಿದ್ದರೆ ಅದು ಬಹುಮಟ್ಟಿಗೆ ಎ ಗುಂಪು.

ಆಲ್ಫಾದವರಲ್ಲಿ ಇಬ್ಬರು ಮುಖ್ಯರು. ಒಬ್ಬ ನ್ಯುಮೊಕಾಕಸ್, ನ್ಯುಮೋನಿಯ ತರುವವನು. ಇನ್ನೊಬ್ಬ ವಿರಿಡಾನ್ಸ್, ಬಾಯಿಯಲ್ಲಿ ಹಲ್ಲಿನ ಸಂದಿಯ ವಾಸಿ. ಇಬ್ಬರೂ ಹಸಿರು ಬಳೆಯವರೇ ಆದ್ದರಿಂದ ಆಪ್ಟೊಚಿನ್ ಎಂಬ ಬಿಲ್ಲೆ ಇಡುತ್ತಾರೆ. ನ್ಯುಮೊಕಾಕಸ್ ಅದಕ್ಕೆ ಹೆದರಿ ದೂರ ನಿಲ್ಲುತ್ತದೆ, ವಿರಿಡಾನ್ಸ್ ಹತ್ತಿರಕ್ಕೇ ಬರುತ್ತದೆ. ಇದಕ್ಕೆ ತಟ್ಟೆಯ ಸುತ್ತ ಇಂಗಾಲದ ಡೈಆಕ್ಸೈಡ್ ಸ್ವಲ್ಪ ಹೆಚ್ಚಿರಬೇಕು. ದುಬಾರಿ ಪೆಟ್ಟಿಗೆ ಇಲ್ಲದ ಲ್ಯಾಬಿನಲ್ಲಿ ಗಾಜಿನ ಭರಣಿಯೊಳಗೆ ತಟ್ಟೆ ಇಟ್ಟು, ಮೇಣದ ಬತ್ತಿ ಹಚ್ಚಿ, ಮುಚ್ಚಳ ಹಾಕುತ್ತಾರೆ. ಬತ್ತಿ ತಾನಾಗಿ ಆರುವ ಹೊತ್ತಿಗೆ ಬೇಕಾದಷ್ಟು ಅನಿಲ ಸಿದ್ಧ! ಅನುಮಾನ ಉಳಿದರೆ ಪಿತ್ತರಸದ ಲವಣ ಹಾಕುತ್ತಾರೆ. ನ್ಯುಮೊಕಾಕಸ್ ಆದರೆ ಕದಡಿದ ದ್ರಾವಣ ತಿಳಿಯಾಗಿಬಿಡುತ್ತದೆ. ಲೇಸರ್ ಹೊಡೆದು ಕ್ರಿಮಿಯ ಪ್ರೋಟೀನುಗಳನ್ನು ತೂಗಿ ನಿಮಿಷಗಳಲ್ಲಿ ಹೆಸರು ಹೇಳುವ ಯಂತ್ರಗಳು ಈಗ ದೊಡ್ಡ ಆಸ್ಪತ್ರೆಗಳಿಗೆ ಬಂದಿವೆ. ಅವು ಕೂಡ ಈ ಇಬ್ಬರ ವಿಷಯದಲ್ಲಿ ಎಡವುವುದುಂಟು. ಆಗ ಹಳೆಯ ಬಿಲ್ಲೆಯೇ ನ್ಯಾಯ ಹೇಳಬೇಕು.

ಇಷ್ಟೆಲ್ಲ ಏಕೆ, ಒಂದು ಬಲವಾದ ಔಷಧಿ ಕೊಟ್ಟರೆ ಎಲ್ಲ ಸಾಯುವುದಿಲ್ಲವೇ ಎಂದು ನೀವು ಕೇಳಬಹುದು. ಕ್ರಿಮಿಯ ಹೆಸರು ಎಂದರೆ ಅದರ ವಿಳಾಸ. ಎ ಗುಂಪು ಸಿಕ್ಕರೆ ಗಂಟಲನ್ನೋ ಚರ್ಮದ ಗಾಯವನ್ನೋ ಬಾಣಂತಿಯ ಗರ್ಭಕೋಶವನ್ನೋ ನೋಡಬೇಕು. ಬಿ ಗುಂಪು ಹುಟ್ಟಿದ ವಾರದೊಳಗಿನ ಹಸುಗೂಸಿನಲ್ಲಿ ಸಿಕ್ಕರೆ ಅದು ತಾಯಿಯಿಂದ ಬಂದದ್ದು. ನ್ಯುಮೊಕಾಕಸ್ ಆದರೆ ಶ್ವಾಸಕೋಶ, ಮಿದುಳಿನ ಪೊರೆ. ಬೋವಿಸ್ ಎಂಬ ಗುಂಪಿನದು ಸಿಕ್ಕರೆ ದೊಡ್ಡ ಕರುಳಿನಲ್ಲಿ ಗಡ್ಡೆಯಿದೆಯೇ ಎಂದು ಪರೀಕ್ಷಿಸಲೇಬೇಕು. ಜ್ವರದ ನೆಪದಲ್ಲಿ ಕ್ಯಾನ್ಸರ್ ಪತ್ತೆಯಾಗಿರುವುದುಂಟು. ವಿರಿಡಾನ್ಸ್ ಎರಡೂ ಬಾಟಲಿಯಲ್ಲಿ ಬೆಳೆದರೆ ಹೃದಯದ ಕವಾಟದ ಮೇಲೆ ಕಣ್ಣಿಡಬೇಕು. ಹಲ್ಲಿನಿಂದ ರಕ್ತಕ್ಕಿಳಿದು ಕೆಟ್ಟ ಕವಾಟದ ಮೇಲೆ ಗೂಡು ಕಟ್ಟುವುದು ಅದರ ಚಾಳಿ.

ಮದ್ದೂ ಹೆಸರಿನ ಮೇಲೆಯೇ ನಿಂತಿದೆ. ಎ ಗುಂಪು ಇಂದಿಗೂ ಹಳೆಯ ಪೆನಿಸಿಲಿನ್‌ಗೆ ಬಗ್ಗುತ್ತದೆ. ನ್ಯುಮೊಕಾಕಸ್‌ಗಳಲ್ಲಿ ಕೆಲವು ಬಗ್ಗುವುದಿಲ್ಲ. ಒಂದು ಕಾಲಕ್ಕೆ ಸ್ಟ್ರೆಪ್ಟೊಕಾಕಸ್ ಕುಟುಂಬದಲ್ಲೇ ಇದ್ದು 1984ರಲ್ಲಿ ಬೇರೆ ಮನೆ ಮಾಡಿದ ಎಂಟೆರೊಕಾಕಸ್ ಕವಾಟ ಹಿಡಿದರೆ ಒಂದೇ ಔಷಧಿ ಸಾಲದು, ಜೋಡಿ ಬೇಕು. ಹೆಸರು ತಿಳಿದರೆ ಗುರಿಯಿಟ್ಟು ಒಂದು ಮದ್ದು. ತಿಳಿಯದಿದ್ದರೆ ಕತ್ತಲಲ್ಲಿ ಕಲ್ಲು ಬೀರಿದಂತೆ ಎರಡು ಮೂರು ಮದ್ದು.

ನನ್ನ ವಿದ್ಯಾರ್ಥಿಯ ತಂಗಿಗೆ ಆದದ್ದು ಇದೇ. ಹೃದಯದ ಸ್ಕ್ಯಾನಿನಲ್ಲಿ ಕವಾಟದ ಮೇಲೆ ಗೂಡು ಕಾಣುತ್ತಿತ್ತು. ಕ್ರಿಮಿಯ ಹೆಸರು ಮಾತ್ರ ಇಲ್ಲ. ಹಲ್ಲಿನ ಕತೆ ಕೇಳಿ ಡಾಕ್ಟರು ಊಹೆ ಮಾಡಬಹುದಿತ್ತೇ ಹೊರತು ಊಹೆಯನ್ನೇ ನಂಬಿ ಕೂರುವಂತಿರಲಿಲ್ಲ. ಎಲ್ಲ ಸಾಧ್ಯತೆಗೂ ಸೇರಿಸಿ ಔಷಧಿ ಕೊಟ್ಟರು. ಅದರಲ್ಲೊಂದು ಮೂತ್ರಪಿಂಡಕ್ಕೂ ಕಿವಿಗೂ ತೊಂದರೆ ಕೊಡಬಲ್ಲದು. ಅದಕ್ಕಾಗಿ ಮತ್ತೆ ಮತ್ತೆ ರಕ್ತ ಪರೀಕ್ಷೆ. ಹೆಸರು ಸಿಕ್ಕಿದ್ದರೆ ನಾಲ್ಕು ವಾರದ ಸರಳ ಚಿಕಿತ್ಸೆ ಸಾಕಾಗುತ್ತಿತ್ತೋ ಏನೋ. ಆರು ವಾರ ಆಸ್ಪತ್ರೆಯಲ್ಲಿದ್ದಳು. ಎರಡು ಎಕರೆ ಶೇಂಗಾ ಹೊಲ ಆ ವರ್ಷ ಬಿತ್ತಲಿಲ್ಲ. ಕವಾಟದ ಶಸ್ತ್ರಚಿಕಿತ್ಸೆಗೆ ಬೆಂಗಳೂರಿಗೂ ಹೋಗಿಬಂದರು. ಈಗ ಹುಷಾರಾಗಿದ್ದಾಳೆ.

ಕವಾಟದ ಸೋಂಕಿನಲ್ಲಿ ಕಲ್ಚರ್ ಖಾಲಿ ಬರಲು ಬಹುಮುಖ್ಯ ಕಾರಣ, ರಕ್ತ ತೆಗೆಯುವ ಮೊದಲೇ ಆ್ಯಂಟಿಬಯಾಟಿಕ್ ಕೊಟ್ಟಿರುವುದು. ಅರೆಬರೆ ಡೋಸಿನಿಂದ ಗೂಡಿನೊಳಗಿನ ಕ್ರಿಮಿ ಸಾಯುವುದಿಲ್ಲ. ಆದರೆ ರಕ್ತದಲ್ಲಿ ತೇಲುತ್ತಿದ್ದ ಆ ಒಂದೋ ಎರಡೋ ಮಾತ್ರ ಬಾಟಲಿಯಲ್ಲಿ ಮೊಳೆಯಲಾರದಷ್ಟು ಸೊರಗಿಹೋಗುತ್ತವೆ. ಹೊಲಕ್ಕೆ ಕಳೆನಾಶಕ ಹೊಡೆದು, ಬೇರು ಕೀಳದೆ ಬಿಟ್ಟು, ಮಾರನೆಯ ದಿನ ಇದು ಯಾವ ಕಳೆ ಹೇಳಿ ಎಂದು ಕೃಷಿ ಅಧಿಕಾರಿಯನ್ನು ಕರೆತಂದಂತೆ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಮೈ ತಣ್ಣಗಾಗಿ, ರಕ್ತದೊತ್ತಡ ಕುಸಿದು, ಮಾತು ತೊದಲುವ ರೋಗಿಗೆ, ಜೋರು ಜ್ವರದ ಹಸುಗೂಸಿಗೆ ಔಷಧಿ ತಡಮಾಡಬಾರದು. ಅಲ್ಲಿ ಒಂದೊಂದು ಗಂಟೆಯೂ ಅಮೂಲ್ಯ. ಆದರೆ ಎರಡು ಕೈಯಿಂದ ರಕ್ತ ತೆಗೆಯಲು ಬೇಕಾಗುವುದು ಕೆಲವೇ ನಿಮಿಷ. ರಕ್ತ ತೆಗೆದ ಕೂಡಲೇ ಔಷಧಿ ಕೊಡಬಹುದು. ವರದಿ ಬರುವವರೆಗೆ ಕಾಯಬೇಕಾಗಿಲ್ಲ. ಬಾಟಲಿಯೇ ಇಲ್ಲದ ಕಡೆ ರೋಗಿ ಕುಸಿಯುತ್ತಿದ್ದರೆ ಡಾಕ್ಟರು ಮೊದಲು ಜೀವ ಉಳಿಸಲಿ. ನಾನು ಹೇಳುತ್ತಿರುವುದು ವಾರಗಟ್ಟಲೆ ಸಣ್ಣಗೆ ಕಾಡುವ ಜ್ವರದ ಮಾತು. ಅದಕ್ಕೆ ನಾಲ್ಕಾರು ಸೂಜಿ ಚುಚ್ಚಿಸಿ ಕಡೆಗೆ ದೊಡ್ಡೂರಿಗೆ ಹೋಗುವ ಬದಲು, ಮೊದಲೇ ಹೋಗಿ ರಕ್ತ ಕೊಡುವುದು ಲೇಸು.

ಹೃದಯದಲ್ಲಿ ಕವಾಟದ ತೊಂದರೆ ಇರುವವರು, ಕವಾಟ ಬದಲಿಸಿಕೊಂಡವರು ಮನೆಯಲ್ಲಿದ್ದರೆ ಇವಿಷ್ಟು ನೆನಪಿಡಿ. ಹಲ್ಲು ಕೀಳುವ ಮೊದಲು ಹಲ್ಲಿನ ಡಾಕ್ಟರಿಗೆ ಹೃದಯದ ವಿಷಯ ಹೇಳಿ. ದಿನಾ ಹಲ್ಲು ಚೆನ್ನಾಗಿ ಉಜ್ಜಿ. ಮೂರು ವಾರದ ಸೂಜಿ ಬರೆದುಕೊಟ್ಟಿದ್ದರೆ ತಪ್ಪಿಸಬೇಡಿ. ಒಂದು ವಾರ ಮೀರಿ ಜ್ವರ ಇದ್ದರೆ, "ಬ್ಲಡ್ ಕಲ್ಚರ್ ತೆಗೆದು ಆಮೇಲೆ ಇಂಜೆಕ್ಷನ್ ಕೊಡ್ತೀರಾ?" ಎಂದು ಡಾಕ್ಟರನ್ನು ವಿನಯದಿಂದಲೇ ಕೇಳಿ. ಚಿಕ್ಕ ಮಕ್ಕಳಿಗೆ ನ್ಯುಮೊಕಾಕಸ್ ಲಸಿಕೆ 2021ರಿಂದ ದೇಶದಾದ್ಯಂತ ಸರ್ಕಾರಿ ಲಸಿಕಾ ಕಾರ್ಯಕ್ರಮದಲ್ಲಿ ಸೇರಿದೆ. ಒಂದೂವರೆ ತಿಂಗಳು, ಮೂರೂವರೆ ತಿಂಗಳು, ಒಂಬತ್ತು ತಿಂಗಳು, ಹೀಗೆ ಮೂರು ಸಲ ಹಾಕಿಸಬೇಕು.

ಇನ್ನೊಂದು ಮಾತು, ಬಹಳ ಸಣ್ಣದು. ಊರಿನಲ್ಲಿ ಈಗಾಗಲೇ ಇಂಜೆಕ್ಷನ್ ಆಗಿದ್ದರೆ ಅದನ್ನು ಮುಚ್ಚಿಡಬೇಡಿ. ಔಷಧಿಯ ಖಾಲಿ ಬಾಟಲಿ, ಮಾತ್ರೆಯ ಹಾಳೆ ಎಸೆಯದೆ ಜೊತೆಗೆ ಒಯ್ಯಿರಿ. ಬೈಯುತ್ತಾರೆಂಬ ಹೆದರಿಕೆಯಿಂದ ನಮ್ಮ ಜನ "ಏನೂ ಕೊಟ್ಟಿಲ್ಲ ಸಾರ್" ಎನ್ನುತ್ತಾರೆ. ಆಗ ಲ್ಯಾಬಿನವರು ಖಾಲಿ ತಟ್ಟೆಯನ್ನು ನಂಬಿಬಿಡುವ ಅಪಾಯವಿದೆ. ಏನು ಕೊಟ್ಟಿತ್ತು, ಎಂದು ಕೊಟ್ಟಿತ್ತು ಎಂದು ಗೊತ್ತಿದ್ದರೆ ಆ ಖಾಲಿ ತಟ್ಟೆಯನ್ನೂ ಡಾಕ್ಟರು ಸರಿಯಾಗಿ ಓದಬಲ್ಲರು.

ಆ ಸಂಜೆ ನಾನು ನನ್ನ ವಿದ್ಯಾರ್ಥಿಗೆ ಇದನ್ನೆಲ್ಲ ಬಿಡಿಸಿ ಹೇಳಿದೆ. ಫೋನಿನಲ್ಲಿ ನಾನು ಕೊಟ್ಟ ಸಲಹೆ ತಪ್ಪಾಗಿತ್ತು ಎಂದೂ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮಗೂ ಗೊತ್ತಿರ್ಲಿಲ್ಲೇನ್ರಿ ಸಾರ್?" ಎಂದ. ಗೊತ್ತಿತ್ತು. ಪುಸ್ತಕದಲ್ಲಿ ಓದಿದ್ದು ಫೋನ್ ಹಿಡಿದಾಗ ನೆನಪಿಗೆ ಬರಲಿಲ್ಲ. ಈಗ ಅವನ ತಂಗಿಯ ಮೂರು ವಾರದ ಸೂಜಿಯ ತಾರೀಖನ್ನು ನಮ್ಮ ಮನೆಯ ಕ್ಯಾಲೆಂಡರಿನಲ್ಲೂ ಗುರುತು ಹಾಕಿದ್ದೇನೆ. ಹಿಂದಿನ ದಿನ ನಾನೇ ಫೋನ್ ಮಾಡುತ್ತೇನೆ.